ಕಂಡಿದ್ದೋ, ಕೇಳಿದ್ದೋ

ಮುಳಬಾಗಿಲಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಯಾವ ಹುಡುಗಿಯೂ ನೇರವಾಗಿ ಸುದ್ದಿ ಹೇಳುವ ಹಾಗಿರಲಿಲ್ಲ. ಮೊದಲು 'ಕಂಡಿದ್ದು' ಎನ್ನಬೇಕು, ಇಲ್ಲವೇ 'ಕೇಳಿದ್ದು' ಎನ್ನಬೇಕು. ಕೇಳಿದ್ದಾದರೆ ಯಾರಿಂದ ಎಂದು ಹೆಸರು ಹೇಳಬೇಕು. ಸುದ್ದಿ ಆಮೇಲೆ. ಬಾವಿಗೆ ಹಾವು ಬಿದ್ದಿದೆ ಎಂದು ಏದುಸಿರು ಬಿಡುತ್ತ ಬಂದ ಹುಡುಗಿಯನ್ನೂ ಹೆಡ್‌ಮಿಸ್ಟ್ರೆಸ್ ಅನಸೂಯಮ್ಮ ಬಾಗಿಲಲ್ಲೇ ನಿಲ್ಲಿಸಿ ಇದೇ ಪ್ರಶ್ನೆ ಕೇಳುತ್ತಿದ್ದಳು. ಹುಡುಗಿಯರು ಈ ಅಭ್ಯಾಸವನ್ನು ಮನೆಗೂ ಕೊಂಡೊಯ್ದರು. ಕೆಲವರು ಅಜ್ಜಿಯರ ಮಾತಿಗೆ ಅಡ್ಡ ಬಾಯಿ ಹಾಕಿ ಕೆನ್ನೆಗೆ ತಿವಿಸಿಕೊಂಡರು. ಪೇಟೆಬೀದಿಗೆ ಇದು ತಮಾಷೆಯಾಯಿತು. ಅನಸೂಯಮ್ಮ ಕೊಡೆ ಹಿಡಿದು ಹೋಗುವಾಗ ಅಂಗಡಿ ಜಗಲಿಯ ಮೇಲೆ ಒಬ್ಬ, "ಮೋಡ ಆಗೈತೆ ಕಣಯ್ಯಾ" ಎನ್ನುವನು. ಇನ್ನೊಬ್ಬ, "ಕಂಡಿದ್ದೋ, ಕೇಳಿದ್ದೋ?" ಎನ್ನುವನು. ಎಲ್ಲರೂ ನಗುವರು. ಅವಳು ತಿರುಗಿ ನೋಡುತ್ತಿರಲಿಲ್ಲ. ಆದರೆ ನಕ್ಕವರಲ್ಲಿ ಯಾರು ಯಾರು ಎನ್ನುವುದು ಅವಳಿಗೆ ದನಿಯಿಂದಲೇ ತಿಳಿಯುತ್ತಿತ್ತು.

ಈ ನಿಯಮವನ್ನು ಅವಳಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಕಲಿಸಿದ್ದು ಎದುರು ಅಂಗಡಿಯ ಚನ್ನರಾಯಪ್ಪ.

ಮೂವತ್ತಾರನೇ ಇಸವಿಯ ಚಳಿಗಾಲದಲ್ಲಿ ಅವಳು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮಾಲೂರಿನಲ್ಲಿದ್ದ ತಾಯಿಯನ್ನು ಕರೆದುಕೊಂಡು ಮುಳಬಾಗಿಲಿಗೆ ಕೆಲಸಕ್ಕೆ ಬಂದಿದ್ದಳು. ಪೇಟೆಬೀದಿಯಲ್ಲಿ ಬಾಡಿಗೆ ಮನೆ. ಎದುರಿಗೆ ಚನ್ನರಾಯಪ್ಪನ ದಿನಸಿ ಅಂಗಡಿ. ಆ ವರ್ಷ ಕೋಲಾರದ ಕಡೆಯಿಂದ ಪ್ಲೇಗಿನ ಸುದ್ದಿ ಬರುತ್ತಿತ್ತು. 'ಇಲಿ ಬಿತ್ತು' ಎಂಬ ಮಾತಿಗೆ ಆಗ ಇದ್ದ ಬಲ ಅಮಲ್ದಾರರ ಹುಕುಮಿಗೂ ಇರಲಿಲ್ಲ. ಯಾರ ಮನೆಯಲ್ಲಿ ಸತ್ತ ಇಲಿ ಕಾಣಿಸಿತೋ ಅವರು ಅವತ್ತೇ ಬಾಗಿಲಿಗೆ ಬೀಗ ಹಾಕಿ, ಊರಾಚೆಯ ಹೊಲದಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡು ಇರಬೇಕು. ಹೋಗದಿದ್ದರೆ ನೆರೆಯವರೇ ಬಂದು ಪಾತ್ರೆ ಪದಾರ್ಥ ಬೀದಿಗೆ ತಂದಿಡುತ್ತಿದ್ದರು.

ತಾಯಿಗೆ ಜ್ವರ ಬಂತು. ಎದೆ ಕಟ್ಟಿತು. ಅನಸೂಯಮ್ಮ ಅಗಸೆ ಬೀಜ ಅರೆದು ಬಿಸಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಎದೆಗೆ ಶಾಖ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಆ ಗಂಟು ಒಲೆಗೆ ಬಿದ್ದು ಕರಕಾಯಿತು. ಅದನ್ನು ಇಕ್ಕಳದಲ್ಲಿ ಹಿಡಿದು ಬೀದಿಯ ಚರಂಡಿಗೆ ಹಾಕಿ ಬಂದಳು. ಕಪ್ಪು ಗಂಟು, ಅದಕ್ಕೆ ಕಟ್ಟಿದ್ದ ದಾರ ಕೆಳಗೆ ಜೋಲಾಡುತ್ತಿತ್ತು. ಚನ್ನರಾಯಪ್ಪ ಅಂಗಡಿಯ ಹಲಗೆ ತೆಗೆಯುತ್ತಿದ್ದವನು ಅದನ್ನು ನೋಡಿದ. ಪ್ಲೇಗಿನ ಕಾಲದಲ್ಲಿ ಇಕ್ಕಳದಲ್ಲಿ ಹಿಡಿದು ಚರಂಡಿಗೆ ಒಯ್ಯುವ ವಸ್ತು ಇನ್ನೇನಿದ್ದೀತು?

ಮೊದಲ ಗಿರಾಕಿಗೆ ಅವನು ಇಲಿಯ ಹಾಗಿತ್ತು ಎಂದನಂತೆ. ಮಧ್ಯಾಹ್ನದ ಹೊತ್ತಿಗೆ ಅದು ಇಲಿಯೇ ಆಯಿತು. ಸಂಜೆಗೆ ಅದರ ಬಾಯಲ್ಲಿ ರಕ್ತವಿತ್ತು. ಜನ ಬಾಗಿಲಿಗೆ ಬಂದರು. ಅನಸೂಯಮ್ಮ ಆ ಗಂಟನ್ನೇ ತಂದು ತೋರಿಸುತ್ತೇನೆಂದು ಚರಂಡಿಗೆ ಓಡಿದಳು. ಪುರಸಭೆಯ ಗಾಡಿ ಬೆಳಿಗ್ಗೆಯೇ ಕಸ ತೆಗೆದುಕೊಂಡು ಹೋಗಿತ್ತು. ಅವಳು ಚನ್ನರಾಯಪ್ಪನ ಮುಂದೆ ಬಂದು ನಿಂತು, ನೀವು ನೋಡಿದ್ದು ಶಾಖದ ಗಂಟು, ದಯವಿಟ್ಟು ಇವರಿಗೆ ಹೇಳಿ ಎಂದು ಬೇಡಿಕೊಂಡಳು. ಅವನು ಜನರ ಮುಖ ನೋಡಿದ. ಬೆಳಿಗ್ಗೆಯಿಂದ ಅಷ್ಟೊಂದು ಮಂದಿ ಅವನ ಬಾಯನ್ನೇ ನೋಡಿಕೊಂಡು ನಿಂತಿದ್ದರು.

"ನನ್ನ ಕಣ್ಣಾರೆ ಕಂಡೆ ಕಣಮ್ಮ," ಎಂದ. "ಓದಿದೋರು ಸುಳ್ಳು ಹೇಳಬಾರದು."

ಬುಡನ್ ಸಾಬ್ ಎಂಬ ಗಾಡಿಯವನೊಬ್ಬ ಬರಲು ಒಪ್ಪಿದ. ಜ್ವರದ ಹೆಂಗಸನ್ನು ಎತ್ತಿನಗಾಡಿಯಲ್ಲಿ ಮಲಗಿಸಿ, ತನ್ನ ಕಂಬಳಿಯನ್ನೇ ಹೊದಿಸಿ, ಕುರುಡುಮಲೆ ದಾರಿಯ ಹೊಲಕ್ಕೆ ಕರೆದೊಯ್ದ. ತಟ್ಟಿಯ ಸಂದಿನಿಂದ ಮಾರ್ಗಶಿರದ ಗಾಳಿ ಒಳಗೆ ನುಗ್ಗುತ್ತಿತ್ತು. ತಾಯಿ ಹೆಚ್ಚು ದಿನ ಉಳಿಯಲಿಲ್ಲ. ಗುಡಿಸಲುಗಳನ್ನು ನೋಡಲು ಕೋಲಾರದಿಂದ ಬಂದ ಡಾಕ್ಟರು ಹೆಣ ನೋಡಿ, ಕಂಕುಳಲ್ಲಿ, ತೊಡೆಸಂದಿನಲ್ಲಿ ಎಲ್ಲೂ ಗಡ್ಡೆಯಿಲ್ಲ, ಇದು ಪ್ಲೇಗಲ್ಲ, ಎದೆಗೆ ಚಳಿ ತಗುಲಿ ಹೋಗಿದ್ದಾರೆ ಎಂದರು. ಹೆಣ ಹೊರಲು ಪೇಟೆಬೀದಿಯ ಒಬ್ಬನೂ ಬರಲಿಲ್ಲ. ಬುಡನ್ ಸಾಬ್ ಮತ್ತೆ ಗಾಡಿ ಕಟ್ಟಿದ.

ಡಾಕ್ಟರು ಹೇಳಿದ್ದು ಚನ್ನರಾಯಪ್ಪನಿಗೂ ಮುಟ್ಟಿತು. ಅವನು, ಊರೆಲ್ಲ ಹಾಗೆ ಅಂತಿತ್ತು, ನಾನೂ ಅಂದೆ ಎಂದನಂತೆ. ಊರಿಗೆ ಹೇಳಿದವನು ತಾನೇ ಎನ್ನುವುದು ಅಷ್ಟರಲ್ಲಿ ಅವನಿಗೇ ಮರೆತುಹೋಗಿತ್ತು.

ಮಾಲೂರಿನಲ್ಲಿದ್ದ ಅವಳ ಅಣ್ಣ ಅಲ್ಲಿಗೇ ವರ್ಗ ಮಾಡಿಸಿಕೊಂಡು ಬಾ ಎಂದು ಕರೆದ. ಅನಸೂಯಮ್ಮ ಹೋಗಲಿಲ್ಲ. ಅದೇ ಮನೆಯಲ್ಲಿ, ಅದೇ ಅಂಗಡಿಯ ಎದುರು ಉಳಿದಳು. ಇಕ್ಕಳವನ್ನು ಉಜ್ಜಿ ಬೆಳಗಿ ಅಡುಗೆಮನೆಯ ಗೋಡೆಯ ಮೊಳೆಗೆ ನೇತುಹಾಕಿದಳು. ಆಮೇಲೆ ಅದರಲ್ಲಿ ಒಂದು ಪಾತ್ರೆಯನ್ನೂ ಇಳಿಸಲಿಲ್ಲ. ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬೆರಳು ಸುಟ್ಟುಕೊಳ್ಳುತ್ತಿದ್ದಳು. ಚನ್ನರಾಯಪ್ಪನಿಗೆ ರೋಗ ಬರಲಿ, ಅಂಗಡಿ ಸುಟ್ಟುಹೋಗಲಿ ಎಂದು ಅವಳು ಯಾವ ದೇವರಿಗೂ ಹರಸಿಕೊಳ್ಳಲಿಲ್ಲ. ಅಷ್ಟು ಸಣ್ಣದು ಅವಳಿಗೆ ಸಾಲದಾಗಿತ್ತು. ಅವನ ಮಾತನ್ನು ಈ ಬೀದಿಯಲ್ಲಿ ಯಾರೂ ನಂಬದ ದಿನವನ್ನು ಅವನು ಬದುಕಿದ್ದು ನೋಡಬೇಕು. ತಾನು ಎದುರಿಗೆ ನಿಂತು ಅವನು ನೋಡುವುದನ್ನು ನೋಡಬೇಕು. ಅವಳಿಗೆ ಬೇಕಾಗಿದ್ದು ಇದೊಂದೇ.

ಅದಕ್ಕೆ ಅವಳು ಹಿಡಿದ ದಾರಿ ನಿಧಾನದ್ದು. ತಾನು ನೋಡದ ಒಂದು ಮಾತನ್ನೂ ನೋಡಿದೆನೆಂದು ಹೇಳಬಾರದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು, ಎಷ್ಟು ಜನ ಎದುರಿಗೆ ನಿಂತಿದ್ದರೂ. ಒಂದಲ್ಲ ಒಂದು ದಿನ ತನ್ನ ಒಂದು ಮಾತು ಅವನ ನೂರು ಮಾತನ್ನು ಎತ್ತಿ ಎಸೆಯಬೇಕು. ಹುಡುಗಿಯರಿಗೆ ಅವಳು ಕಲಿಸಿದ್ದು ಒಳ್ಳೆಯ ಪಾಠ, ನಿಜ. ಅದನ್ನು ಕಲಿಸುವಾಗ ಅವಳ ಕಣ್ಣು ಕಿಟಕಿಯಾಚೆ ಚನ್ನರಾಯಪ್ಪನ ಅಂಗಡಿ ಜಗಲಿಯ ಮೇಲೇ ಇರುತ್ತಿತ್ತು.

ಯುದ್ಧ ಬಂದ ಮೇಲೆ ಆ ಜಗಲಿಗೆ ಇನ್ನೂ ಕಳೆಯೇರಿತು. ಕೋಲಾರದಿಂದ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಕೆಮ್ಮಿಕೊಂಡು ಬಂದು ಪತ್ರಿಕೆಯನ್ನು ಇಳಿಸುತ್ತಿತ್ತು. ಚನ್ನರಾಯಪ್ಪ ಅದನ್ನು ಗಟ್ಟಿಯಾಗಿ ಓದುವನು. ಓದಿ ಮಡಿಸಿದ ಮೇಲೆ, ಪೇಪರಿನೋರಿಗೆ ಇದನ್ನ ಹಾಕೋಕೆ ಭಯ ಎಂದು ದನಿ ತಗ್ಗಿಸಿ ಉಳಿದದ್ದನ್ನು ಹೇಳುವನು. ಜನ ಕಾಯುತ್ತಿದ್ದುದು ಅದಕ್ಕೇ. ನಲವತ್ತೆರಡರಲ್ಲಿ ಮದ್ರಾಸಿನ ಜನ ಊರು ಬಿಟ್ಟು ಬರುತ್ತಿದ್ದಾಗ, ಜಪಾನಿನವರು ಇಳಿದೇ ಬಿಟ್ಟರು, ಚಿನ್ನದ ಗಣಿಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವುದು ಮುಳಬಾಗಿಲೇ, ಎತ್ತು ಗಾಡಿ ಎಲ್ಲ ಕಿತ್ತುಕೊಳ್ಳುತ್ತಾರೆ ಎಂದು ಹೇಳಿದ. ಆವಲಪ್ಪ ಎಂಬ ರೈತ ಹೆದರಿ ಅನಸೂಯಮ್ಮನ ಹತ್ತಿರ ಬಂದು ಕೇಳಿದ. ಅವಳು ಗೊತ್ತಿಲ್ಲ ಎಂದಳು. ಇಷ್ಟು ಓದಿ ಗೊತ್ತಿಲ್ಲ ಅಂತೀರಲ್ಲ ಎಂದು ಬೇಜಾರು ಮಾಡಿಕೊಂಡು ಹೋದವನು ಒಳ್ಳೆಯ ಜೋಡಿ ಎತ್ತನ್ನು ಸಿಕ್ಕಷ್ಟಕ್ಕೆ ಮಾರಿಬಿಟ್ಟ. ಜಪಾನಿನವರು ಬರಲಿಲ್ಲ. ಮಳೆಗಾಲ ಬಂತು, ಉಳಲು ಎತ್ತಿಲ್ಲ. ಆವಲಪ್ಪ ಮತ್ತೆ ಅವಳ ಬಾಗಿಲಿಗೆ ಬಂದು ತಲೆ ಕೆರೆದುಕೊಂಡ.

"ನೀವು ಗೊತ್ತಿಲ್ಲ ಅಂದಿದ್ದೇ ನಿಜ ಆಗೋಯ್ತಲ್ಲಮ್ಮ," ಎಂದ.

ಅವತ್ತಿನಿಂದ ಒಬ್ಬೊಬ್ಬರೇ ಅವಳ ಹತ್ತಿರ ಬರತೊಡಗಿದರು. ಸೀಮೆಎಣ್ಣೆ ನಿಲ್ಲುತ್ತದೆಯೇ, ಹೊಸ ನೋಟು ಚಲಾವಣೆಯಾಗುತ್ತದೆಯೇ ಎಂದು ಕೇಳುವರು. ಹತ್ತರಲ್ಲಿ ಎಂಟಕ್ಕೆ ಅವಳ ಉತ್ತರ ಗೊತ್ತಿಲ್ಲ ಎಂದೇ. ಉಳಿದ ಎರಡಕ್ಕೆ ಅವಳು ಕೋಲಾರಕ್ಕೆ ಬಸ್ಸು ಹತ್ತಿ ಹೋಗಿ ಕಚೇರಿಯಲ್ಲಿ ಕೇಳಿ ಬಂದು, ಕೇಳಿದ್ದು, ಇಂಥವರಿಂದ ಎಂದು ಹೇಳುತ್ತಿದ್ದಳು. ಜನ ಆ ಎರಡನ್ನು ನಂಬಿದರು. ಜಗಲಿಯ ನಗು ಕಡಿಮೆಯಾಯಿತು, ನಿಲ್ಲಲಿಲ್ಲ. ಚನ್ನರಾಯಪ್ಪನ ಸುದ್ದಿಯಲ್ಲಿ ರುಚಿಯಿತ್ತು, ಅವಳದರಲ್ಲಿ ಇರಲಿಲ್ಲ. ಜನ ಅವನದನ್ನು ಕೇಳುವರು, ಆಮೇಲೆ ಅವಳನ್ನು ವಿಚಾರಿಸುವರು. ಅವಳಿಗೆ ಇದು ಸಾಲದು.

ನಲವತ್ತಮೂರರ ಚಳಿಗಾಲಕ್ಕೆ ಮತ್ತೆ ಪ್ಲೇಗಿನ ಸುದ್ದಿ ಬಂತು. ಶ್ರೀನಿವಾಸಪುರದಲ್ಲಿ ಇಲಿ ಬಿದ್ದಿವೆ ಎಂದರು. ಸರ್ಕಾರದವರು ಬಂದು ಶಾಲೆಯ ಉಪಾಧ್ಯಾಯಿನಿಯರಿಗೆಲ್ಲ ಪ್ಲೇಗು ತಡೆಯುವ ಸೂಜಿ ಚುಚ್ಚಿ ಹೋದರು. ಪೇಟೆಯ ಮಂದಿ, ಆ ಸೂಜಿಯಿಂದ ರಟ್ಟೆ ಸೇದಿಹೋಗುತ್ತದೆ ಎಂಬ ಜಗಲಿಯ ಮಾತು ಕೇಳಿ ಚುಚ್ಚಿಸಿಕೊಂಡಿರಲಿಲ್ಲ.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಕದಿರಮ್ಮ ಬಂದಳು. ಅವಳು ಚನ್ನರಾಯಪ್ಪನ ಸೊಸೆ, ರಾಯಲ್ಪಾಡಿನ ಹುಡುಗಿ. ಮದುವೆಗೆ ಮುಂಚೆ ಮುಳಬಾಗಿಲಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಇದೇ ಸ್ಕೂಲಿನಲ್ಲಿ ಓದಿದ್ದಳು. ಆಮೇಲೆ ಇದೇ ಬೀದಿಗೆ ಸೊಸೆಯಾಗಿ ಬಂದಳು. ಕಂಕುಳಲ್ಲಿ ಮಗು. ಸೆರಗನ್ನು ಮುಖದ ತನಕ ಎಳೆದುಕೊಂಡಿದ್ದಳು.

"ಕಂಡಿದ್ದು ಟೀಚರ್," ಎಂದಳು, ಅನಸೂಯಮ್ಮ ಕೇಳುವ ಮೊದಲೇ. "ಗೋಡೋನಲ್ಲಿ ಎರಡು ಇಲಿ ಸತ್ತು ಬಿದ್ದಿದ್ವು. ಮಾವ ಗೋಣಿಲಿ ಸುತ್ತಿಕೊಂಡು ಹೋಗಿ ಹಿತ್ತಿಲ ಹುಣಸೇಮರದ ಕೆಳಗೆ ಹೂತು ಬಂದ್ರು. ಬಾಯಿ ಬಿಟ್ರೆ ತೌರಿಗೆ ಅಟ್ಟುತೀನಿ ಅಂದಿದಾರೆ. ಅಟ್ಟಿದ್ರೆ ಈ ಕೂಸನ್ನ ಸಾಕೋಕೆ ನನಗೆ ಏನೂ ದಾರಿ ಇಲ್ಲ ಟೀಚರ್."

ಆ ಗೋಡೋನು ಶಾಲೆಯ ಹಿಂಗೋಡೆಗೆ ಅಂಟಿಕೊಂಡೇ ಇತ್ತು. ಗೋಡೆಯ ಈಚೆ ಸಣ್ಣ ಹುಡುಗಿಯರು ನೆಲದ ಮೇಲೆ ಕೂತು ಕಾಗುಣಿತ ಬರೆಯುತ್ತಿದ್ದರು. ಅನಸೂಯಮ್ಮ ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ ಎಂದು ಕೇಳಿದಳು. ಮಾವನ ತಾಯಿ ದೊಡ್ಡವೆಂಕಟಮ್ಮನಿಗೆ ಒಂದೆರಡು ದಿನದಿಂದ ಕೆಮ್ಮು ಜ್ವರ ಎಂದಳು ಕದಿರಮ್ಮ. ನಾನು ಹೇಳ್ದೆ ಅಂತ ಮಾತ್ರ ಗೊತ್ತಾಗಬಾರದು ಎಂದು ಕೈಹಿಡಿದು ಬೇಡಿಕೊಂಡು ಹೋದಳು.

ಅನಸೂಯಮ್ಮ ಕುರ್ಚಿಯಲ್ಲಿ ಕೂತೇ ಇದ್ದಳು. ಏಳು ವರ್ಷ ಕಾದದ್ದು ತಾನಾಗಿ ನಡೆದುಕೊಂಡು ಬಂದು ಮೇಜಿನ ಮೇಲೆ ಕೂತಿತ್ತು. ಈಗ ಬೀದಿಗೆ ಹೋಗಿ ಆವಲಪ್ಪನಿಗೋ ಇನ್ನೊಬ್ಬರಿಗೋ, ಚನ್ನರಾಯಪ್ಪನ ಗೋಡೋನಿನಲ್ಲಿ ಇಲಿ ಬಿದ್ದಿದೆ, ನಾನು ಕಂಡೆ ಎಂದರೆ ಸಾಕು. ಊರು ನಂಬುತ್ತದೆ. ಅವಳ ಮಾತಿಗೆ ಸಾಕ್ಷಿ ಕೇಳುವವರಿಲ್ಲ. ದೀಪ ಹಚ್ಚುವ ಹೊತ್ತಿಗೆ ಚನ್ನರಾಯಪ್ಪ ಪಾತ್ರೆ ಪದಾರ್ಥ ಹೊತ್ತು ಕುರುಡುಮಲೆ ದಾರಿ ಹಿಡಿದಿರುತ್ತಾನೆ. ಸುದ್ದಿ ಸುಳ್ಳೂ ಅಲ್ಲ.

ಆದರೆ ಅವಳು ಕಂಡಿರಲಿಲ್ಲ. ಕಂಡೆ ಎಂಬ ಆ ಮಾತು ನಾಲಿಗೆಯ ತುದಿಗೆ ಬಂದಾಗ ಅದರ ಹಿಂದೆಯೇ ಇನ್ನೊಂದು ದನಿ ಕೇಳಿಸಿತು. ನನ್ನ ಕಣ್ಣಾರೆ ಕಂಡೆ ಕಣಮ್ಮ. ಕೇಳಿದ್ದು ಎಂದರೆ ಯಾರಿಂದ ಎಂದು ಹೇಳಬೇಕಾಗುತ್ತದೆ, ಅದು ಅವಳೇ ಮಾಡಿದ ನಿಯಮ. ಹೇಳಿದರೆ ಆ ಹುಡುಗಿಯ ಬಾಳು ಬೀದಿಗೆ ಬರುತ್ತದೆ. ಸುಮ್ಮನಿದ್ದರೆ ಗೋಡೆಯ ಈಚೆಯ ಮಕ್ಕಳು. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಕೋಲಾರದಿಂದ ಬರುವುದು ವಾರಕ್ಕೊಮ್ಮೆ. ಅಷ್ಟರಲ್ಲಿ ಚನ್ನರಾಯಪ್ಪ ಗೋಡೋನನ್ನು ಸಾರಿಸಿ ರಂಗೋಲಿ ಹಾಕಿರುತ್ತಾನೆ.

ಅವಳು ಮನೆಗೆ ಹೋಗಿ ಮೊಳೆಯಿಂದ ಇಕ್ಕಳವನ್ನು ತೆಗೆದಳು.

ಮರುದಿನ ಬೆಳಿಗ್ಗೆ ಶಾಲೆಗೆ ರಜ ಎಂದು ಹೇಳಿ ಹುಡುಗಿಯರನ್ನು ಮನೆಗೆ ಕಳಿಸಿ, ಬಸ್ಸು ಬರುವ ಹೊತ್ತಿಗೆ ಅಂಗಡಿಯ ಮುಂದೆ ಹೋಗಿ ನಿಂತಳು. ಜಗಲಿ ತುಂಬಿತ್ತು. ಬುಡನ್ ಸಾಬ್ ಗಾಡಿ ನಿಲ್ಲಿಸಿಕೊಂಡು ಸರಕಿಗೆ ಕಾಯುತ್ತಿದ್ದ. ಇಷ್ಟು ವರ್ಷ ಅವಳು ಆ ಅಂಗಡಿಯಲ್ಲಿ ಒಂದು ಚಿಟಿಕೆ ಸಾಸಿವೆಯನ್ನೂ ಕೊಂಡಿರಲಿಲ್ಲ. ಹಾಗಾಗಿ ಎಲ್ಲರೂ ಮಾತು ನಿಲ್ಲಿಸಿ ನೋಡಿದರು.

"ಚನ್ನರಾಯಪ್ಪನವರೇ," ಎಂದಳು, "ನಿಮ್ಮ ಗೋಡೋನಿನಲ್ಲಿ ಇಲಿ ಬಿದ್ದಿದೆಯೇ?"

ಅವನು ಪತ್ರಿಕೆಯನ್ನು ಮಡಿಸಿದ. ಮುಖದಲ್ಲಿ ಏನೂ ಕಾಣಿಸಲಿಲ್ಲ. ಕೈ ಮಾತ್ರ ಪತ್ರಿಕೆಯನ್ನು ಮಡಿಸಿದ ಮೇಲೂ ಮಡಿಸುತ್ತಲೇ ಇತ್ತು. ಅದನ್ನು ಅವಳು ನೋಡಿದಳು.

"ಇಲ್ಲಮ್ಮ. ಯಾರು ಹೇಳಿದ್ರು?"

"ನಾನು ಕೇಳುತ್ತಿದ್ದೇನೆ."

"ಅಲ್ರೀ, ನಿಮ್ಮ ಸ್ಕೂಲಲ್ಲಿ ಒಂದು ಕಾನೂನು ಐತಲ್ಲ." ಅವನು ಜಗಲಿಯ ಕಡೆ ತಿರುಗಿ ನಕ್ಕ. "ಕಂಡಿದ್ದೋ ಕೇಳಿದ್ದೋ? ಕೇಳಿದ್ದಾದ್ರೆ ಯಾರಿಂದ? ಹೇಳಿ ಮತ್ತೆ. ನಿಮ್ಮ ಕಾನೂನು ನಿಮಗಿಲ್ವಾ?"

ಜಗಲಿ ನಕ್ಕಿತು. ಮನೆಯ ಬಾಗಿಲ ಸಂದಿಯಲ್ಲಿ ಕದಿರಮ್ಮನ ಸೀರೆಯ ಅಂಚು ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ಅನಸೂಯಮ್ಮ ಆ ಕಡೆ ನೋಡಬಾರದೆಂದು ಕಣ್ಣನ್ನು ಚನ್ನರಾಯಪ್ಪನ ಮೇಲೆಯೇ ನಿಲ್ಲಿಸಿದಳು.

"ನಾನು ಸುದ್ದಿ ಹೇಳಲಿಲ್ಲ. ಪ್ರಶ್ನೆ ಕೇಳಿದೆ. ನಿಮ್ಮ ಗೋಡೆ ನನ್ನ ಮಕ್ಕಳ ಗೋಡೆ. ಕಾನೂನು ಕೇಳಿದಿರಲ್ಲ, ಸರಿ. ಬೀಗ ತೆಗೆಸಿ. ಕಂಡು ಬಂದು ಹೇಳುತ್ತೇನೆ. ಇಲ್ಲದಿದ್ದರೆ ಇಲ್ಲ ಎಂದೇ ಹೇಳುತ್ತೇನೆ, ಇದೇ ಜಾಗದಲ್ಲಿ ನಿಂತು."

ಅವನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಎನ್ನುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನನ್ನು ಅವಳಷ್ಟು ದಿನ, ಅವಳಷ್ಟು ಹತ್ತಿರದಿಂದ, ಅವನ ಹೆಂಡತಿಯೂ ನೋಡಿರಲಿಲ್ಲ. ಒಂದು ಮಾತನ್ನು ನಾಲ್ಕು ಜನರ ಮುಂದೆ ಆಡಿದ ಮೇಲೆ ಅವನೇ ಅದನ್ನು ಮೊದಲು ನಂಬುವವನು. ಇಲಿ ಇಲ್ಲ ಎಂದು ಹೇಳಿಬಿಟ್ಟಿದ್ದ, ಆದ್ದರಿಂದ ಇಲಿ ಇರಲಿಲ್ಲ. ಇದ್ದ ಎರಡು ಹುಣಸೇಮರದ ಕೆಳಗಿದ್ದವು. ಸೊಂಟದಿಂದ ಬೀಗದ ಕೈ ತೆಗೆದು ಜಗಲಿಯ ಅಂಚಿಗೆ ಎಸೆದ.

"ಹೋಗಿ ನೋಡ್ಕೊಂಡ್ ಬನ್ನಿ. ನೋಡಿ ಬಂದ ಮೇಲೆ ಊರ ಮುಂದೆ ತಪ್ಪಾಯ್ತು ಅನ್ನಬೇಕು."

"ಅನ್ನುತ್ತೇನೆ."

ಅವಳು ಒಬ್ಬಳೇ ಹೋದಳು. ಗೋಡೋನಿನ ಬಾಗಿಲು ತೆಗೆದಾಗ ರಾಗಿಯ ಧೂಳಿನ ಜೊತೆ ಇನ್ನೊಂದು ವಾಸನೆ ಬಂತು. ಹೆದರಿಕೆಯಾಗದೆ ಇರಲಿಲ್ಲ. ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ಚಿಗಟ ಹತ್ತದಿರಲೆಂದು ಕಾಲಿಗೆ ಸೀಮೆಎಣ್ಣೆ ಹಚ್ಚಿಕೊಂಡೇ ಬಂದಿದ್ದಳು. ಮೂಟೆಗಳ ಮುಂದಿನ ನೆಲವನ್ನು ಗುಡಿಸಿ ಸಾರಿಸಿದ್ದರು. ಅಲ್ಲಿ ಏನೂ ಇರಲಿಲ್ಲ. ಕದಿರಮ್ಮ ಸುಳ್ಳು ಹೇಳಿದ್ದರೆ? ಸುಳ್ಳಾದರೆ ಹೊರಗೆ ಹೋಗಿ ಇಲ್ಲ ಎನ್ನಬೇಕು, ಅವನ ಕಾಲ ಬಳಿ ತಪ್ಪಾಯಿತು ಎನ್ನಬೇಕು. ಅನ್ನದೆ ಬೇರೆ ದಾರಿಯಿಲ್ಲ. ಅವಳು ಹಿಂದಿನ ಸಾಲಿನ ಮೂಟೆಗಳ ನಡುವೆ ನುಸುಳಿದಳು.

ಅವು ಅಲ್ಲಿದ್ದವು. ಒಂದು ಸತ್ತಿತ್ತು. ಇನ್ನೊಂದು ಇನ್ನೂ ಸಾಯುತ್ತಿತ್ತು, ಗೋಡೆಯ ಬುಡದಲ್ಲಿ ಕುಡಿದವರ ಹಾಗೆ ಓಲಾಡುತ್ತಿತ್ತು. ಆ ಗೋಡೆಯ ಆಚೆ ಒಂದನೇ ಕ್ಲಾಸು.

ಅನಸೂಯಮ್ಮ ಇಕ್ಕಳದಲ್ಲಿ ಸತ್ತ ಇಲಿಯನ್ನು ಹಿಡಿದುಕೊಂಡು ಬೀದಿಗೆ ಬಂದಳು. ಬೇಗ ನಡೆಯಲಿಲ್ಲ. ತೋಳನ್ನು ಮುಂದೆ ಚಾಚಿ, ಪೇಟೆಬೀದಿಯ ನಟ್ಟನಡುವೆ, ಎಲ್ಲರೂ ನೋಡುವ ಹಾಗೆ ನಡೆದಳು. ಇಲಿಯ ಬಾಲ ಜೋಲಾಡುತ್ತಿತ್ತು. ಜನ ಎರಡು ಕಡೆಗೂ ಸರಿದು ಗೋಡೆಗೆ ಅಂಟಿಕೊಂಡರು. ಅಂಗಡಿಯ ಮುಂದೆ, ಅವನ ಕಾಲ ಬಳಿ, ಅದನ್ನು ಇಟ್ಟಳು.

"ಅವತ್ತು ನೀವು ಕಂಡೆ ಅಂದಿರಲ್ಲ," ಎಂದಳು. "ಇಲಿ ಅಂದರೆ ಇದು. ಸರಿಯಾಗಿ ನೋಡಿಕೊಳ್ಳಿ. ಒಳಗೆ ಇನ್ನೊಂದಿದೆ. ಕಂಡಿದ್ದು."

ಬುಡನ್ ಸಾಬ್ ಗಾಡಿಯ ಕೆಳಗೆ ತೂಗುಬಿದ್ದಿದ್ದ ಲಾಂದ್ರದ ಸೀಮೆಎಣ್ಣೆಯನ್ನು ಅದರ ಮೇಲೆ ಸುರಿದ. ಬೇರೆ ಯಾರೂ ಅಲುಗಾಡಲಿಲ್ಲ. ಆಮೇಲೆ ಒಮ್ಮೆಲೇ ಜಗಲಿ ಖಾಲಿಯಾಯಿತು. ಅಷ್ಟು ವರ್ಷ ಅವನ ಬಾಯನ್ನು ನೋಡಿಕೊಂಡು ಕೂತವರು ತಮ್ಮ ಚಪ್ಪಲಿಯನ್ನು ಹುಡುಕದೆ ಇಳಿದು ಓಡಿದರು. ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಬಂದರು, ಈ ಸಲ ದೂರದಲ್ಲಿ ನಿಂತು, ಮನೆ ಬಿಡು ಎನ್ನಲು. ಆವಲಪ್ಪ ಎಲ್ಲರಿಗಿಂತ ಮುಂದಿದ್ದ. ನೆನ್ನೆ ಮೊನ್ನೆಯೂ ನಮಗೆ ಅದೇ ಗೋಡೋನಿನ ರಾಗಿಯನ್ನು ಮಾರಿದ್ದೀಯಲ್ಲೋ ಎಂದು ಅವನು ಕೂಗುತ್ತಿದ್ದ. ಚನ್ನರಾಯಪ್ಪ ಏನೋ ಹೇಳಲು ಹೋದ, ನೆನ್ನೆ ಇರಲಿಲ್ಲ, ಬೆಕ್ಕು ಎಲ್ಲಿಂದಲೋ ತಂದಿರಬೇಕು ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಅನಸೂಯಮ್ಮನ ಕಡೆ ನೋಡುತ್ತಿದ್ದರು.

ಇದನ್ನು ಅವನು ಕಂಡ. ಅವನು ಕಾಣುವುದನ್ನು ಅವಳು ಕಂಡಳು.

ಮನೆಯ ಸಾಮಾನು ಹೊರಗೆ ಬರತೊಡಗಿತು. ಕೊನೆಗೆ ಚನ್ನರಾಯಪ್ಪನ ಮಗ ಮತ್ತು ಕದಿರಮ್ಮ ಸೇರಿ ದೊಡ್ಡವೆಂಕಟಮ್ಮನನ್ನು ಚಾಪೆಯ ಮೇಲೆಯೇ ಎತ್ತಿಕೊಂಡು ಬಂದು ಜಗಲಿಯ ಮೇಲೆ ಮಲಗಿಸಿದರು. ಮುದುಕಿ ಬಿಸಿಲಲ್ಲೂ ಚಳಿಗೆ ನಡುಗುತ್ತಿದ್ದಳು. "ಚಲಿ ತಲ್ಲೀ, ಚಲಿ," ಎಂದು ತೆಲುಗಿನಲ್ಲಿ ಯಾರಿಗೋ ಹೇಳುತ್ತಿದ್ದಳು. ಜನ ಇನ್ನೂ ಹಿಂದೆ ಸರಿದರು. ಇದಕ್ಕೂ ಬಂದಿದೆ, ಹೊಲದ ಗುಡಿಸಲಿಗೆ ಹಾಕಿ, ಹತ್ತಿರ ಯಾರೂ ಹೋಗಬೇಡಿ ಎಂದು ದನಿಗಳು ಎದ್ದವು. ಚನ್ನರಾಯಪ್ಪ ಬುಡನ್ ಸಾಬನನ್ನು ಗಾಡಿ ತರಲು ಕರೆದ. ಕೋಲಾರದ ಆಸ್ಪತ್ರೆಗೆ ಒಯ್ಯೋಣ, ಇದು ಬರೀ ಕೆಮ್ಮು ಎಂದ. ಅದನ್ನು ಯಾರೂ ನಂಬಲಿಲ್ಲ. ಬಸ್ಸಿನವನು ಕೈಮುಗಿದು, ಪ್ಲೇಗಿನವರನ್ನು ಹತ್ತಿಸಿದರೆ ಬಸ್ಸಿಗೇ ಬೆಂಕಿ ಹಚ್ಚುತ್ತಾರೆ ಎಂದ. ಬುಡನ್ ಸಾಬ್ ಎತ್ತಿನ ಹಗ್ಗ ಹಿಡಿದು ಅನಸೂಯಮ್ಮನ ಮುಖ ನೋಡಿದ.

"ಅಮ್ಮಾ, ನಾನು ಗಾಡಿ ಹೊಡೆಯೋನು. ಹೊಲಕ್ಕೆ ಹೊಡೀಲೋ, ಕೋಲಾರಕ್ಕೆ ಹೊಡೀಲೋ, ನೀವು ಹೇಳಿದ್ರೆ ಈ ಜನ ಬಿಡ್ತಾರೆ."

ಚನ್ನರಾಯಪ್ಪ ಜಗಲಿಯಿಂದ ಇಳಿದು ಬಂದ. ತಲೆಯ ಮೇಲಿನ ರುಮಾಲು ಕೈಗೆ ಬಂದಿತ್ತು.

"ತಾಯೀ, ನೀವೇ ನೋಡಿ. ನಮ್ಮವ್ವನ್ನ ಮುಟ್ಟಿ ನೋಡಿ. ಗಡ್ಡೆ ಇಲ್ಲ. ನಾನು ಹೇಳಿದ್ರೆ ಯಾರೂ ಕೇಳ್ತಿಲ್ಲ."

ಅನಸೂಯಮ್ಮ ಜಗಲಿ ಹತ್ತಿ ಮುದುಕಿಯ ಪಕ್ಕ ಕೂತಳು. ಕತ್ತು, ಕಂಕುಳು ಮುಟ್ಟಿ ನೋಡಿದಳು. ತೊಡೆಸಂದನ್ನು ಕದಿರಮ್ಮ ಸೀರೆ ಮರೆ ಮಾಡಿ ತೋರಿಸಿದಳು. ಎಲ್ಲೂ ಊತವಿರಲಿಲ್ಲ. ಎದೆಯಲ್ಲಿ ಕಫ ಗೊರಗುಟ್ಟುತ್ತಿತ್ತು. ಆ ಸದ್ದನ್ನು ಅವಳು ಚೆನ್ನಾಗಿ ಬಲ್ಲಳು. ಏಳು ವರ್ಷದ ಹಿಂದೆ ತಟ್ಟಿಯ ಗುಡಿಸಲಿನಲ್ಲಿ ಕೂತು ಅದು ನಿಲ್ಲುವ ತನಕ ಕೇಳಿದ್ದಳು.

ಎದ್ದು ನಿಂತಳು.

ಜನ ಕಾಯುತ್ತಿದ್ದರು. ಚನ್ನರಾಯಪ್ಪ ಅವಳ ಬಾಯನ್ನೇ ನೋಡುತ್ತಿದ್ದ. ಅವಳು ಅವನನ್ನು ಹಾಗೇ ನಿಲ್ಲಿಸಿದಳು. ಮುದುಕಿ ಮತ್ತೆ ಚಲಿ ಎಂದಳು. ಕದಿರಮ್ಮ ಟೀಚರ್ ಎಂದು ಮೆಲ್ಲಗೆ ಕರೆದಳು. ಅನಸೂಯಮ್ಮನಿಗೆ ಕೇಳಿಸಿತು. ಕೇಳಿಸಿದರೂ ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನನ್ನ ತಾಯಿಯನ್ನು ಹೊಲಕ್ಕೆ ಅಟ್ಟಿದ ದಿನ ನಿಮ್ಮ ಕಣ್ಣಿಗೆ ಏನು ಕಂಡಿತ್ತು, ಚನ್ನರಾಯಪ್ಪನವರೇ? ಮೊದಲು ಅದನ್ನು ಹೇಳಿ. ಆಮೇಲೆ ನಾನು ಕಂಡದ್ದನ್ನು ಹೇಳುತ್ತೇನೆ."

ಅವನು ನೆಲ ನೋಡಿದ. ಅವಳು ಕಾದಳು. ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು.

"ಕಪ್ಪಗೆ ಏನೋ ಕಂಡಿತ್ತು," ಎಂದ.

"ಇಲಿಯೇ?"

"ಗೊತ್ತಿಲ್ಲ."

"ಜೋರಾಗಿ ಹೇಳಿ. ಅವತ್ತು ಜೋರಾಗಿ ಹೇಳಿದ್ದಿರಿ."

"ನಾನು ಇಲಿ ಕಾಣಲಿಲ್ಲ," ಎಂದ ಚನ್ನರಾಯಪ್ಪ, ಬೀದಿಗೆ ಕೇಳುವ ಹಾಗೆ. "ಕಂಡೆ ಅಂತ ಸುಳ್ಳು ಹೇಳ್ದೆ. ಆಮೇಲೆ ಗೊತ್ತಾದ್ರೂ ಬಾಯಿ ಬಿಡಲಿಲ್ಲ."

ಯಾರೂ ನಗಲಿಲ್ಲ. ಬುಡನ್ ಸಾಬ್ ಎತ್ತಿನ ಕೊರಳನ್ನು ಸವರುತ್ತ ಬೇರೆ ಕಡೆ ನೋಡಿದ.

ಅನಸೂಯಮ್ಮ ಜನರ ಕಡೆ ತಿರುಗಿದಳು. ಗಡ್ಡೆಯಿಲ್ಲ, ಮುಟ್ಟಿ ನೋಡಿದ್ದೇನೆ ಎಂದಳು. ಎದೆಯಲ್ಲಿ ಕಫವಿದೆ, ಅದನ್ನು ಕೇಳಿದ್ದೇನೆ. ಪ್ಲೇಗೋ ಅಲ್ಲವೋ ನನಗೆ ಗೊತ್ತಿಲ್ಲ, ಅದನ್ನು ಡಾಕ್ಟರು ಹೇಳಬೇಕು, ಅದಕ್ಕೇ ಇವರನ್ನು ಹೊಲಕ್ಕಲ್ಲ, ಕೋಲಾರಕ್ಕೆ ಒಯ್ಯಬೇಕು. ಕದಿರಮ್ಮ, ಮಗು ಇಬ್ಬರೂ ಅದೇ ಗಾಡಿಯಲ್ಲಿ ಹೋಗಿ ಸೂಜಿ ಚುಚ್ಚಿಸಿಕೊಂಡು ಬರಲಿ ಎಂದಳು. ಜನ ದಾರಿ ಬಿಟ್ಟರು. ಅವಳು ಸುಳ್ಳು ಹೇಳಿ ಉಳಿಸಿದಳೆಂದು ಒಬ್ಬನಿಗೂ ಅನುಮಾನ ಬರಲಿಲ್ಲ. ಅವಳು ಆ ಮನೆಗೆ ಏಕೆ ಸುಳ್ಳು ಹೇಳಬೇಕು?

ಗಾಡಿ ಹೊರಡುವಾಗ ಕದಿರಮ್ಮ ಬಗ್ಗಿ, "ಮಾವನ್ನ ಕ್ಷಮಿಸಿದ್ರಾ ಟೀಚರ್?" ಎಂದಳು.

"ಇಲ್ಲ," ಎಂದಳು ಅನಸೂಯಮ್ಮ. ಅದೂ ನಿಜವೇ ಆಗಿತ್ತು.

ಚನ್ನರಾಯಪ್ಪನನ್ನು ಯಾರೂ ಗಾಡಿ ಹತ್ತಿಸಲಿಲ್ಲ. ಮಗನ ಜೊತೆ ತಲೆಯ ಮೇಲೆ ಗಂಟು ಹೊತ್ತುಕೊಂಡು ಕುರುಡುಮಲೆ ದಾರಿಯಲ್ಲಿ ನಡೆದ. ಅವಳು ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು, ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಹೊಲದಲ್ಲಿ ತಟ್ಟಿಯ ಸಂದುಗಳಿಗೆ ಗೋಣಿ ತುರುಕಿದರೆ ಗಾಳಿ ಕಡಿಮೆಯಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಅವನು ಕೇಳಿರಲೂ ಇಲ್ಲ.

ಇನ್‌ಸ್ಪೆಕ್ಟರು ಬಂದು ಗೋಡೋನಿಗೆ ಹೊಗೆ ಹಾಕಿಸಿದರು. ಶಾಲೆ ಸ್ವಲ್ಪ ಕಾಲ ಆಂಜನೇಯನ ಗುಡಿಯ ಮಂಟಪದಲ್ಲಿ ನಡೆಯಿತು. ಸೂಜಿಗೆ ಊರೇ ಸಾಲು ನಿಂತಿತು. ದೊಡ್ಡವೆಂಕಟಮ್ಮ ಬದುಕಿ ಬಂದಳು, ಕೆಮ್ಮುತ್ತಲೇ. ಬೇಸಿಗೆಯ ಹೊತ್ತಿಗೆ ಅಂಗಡಿಯ ಹಲಗೆ ಮತ್ತೆ ತೆರೆಯಿತು. ಜನ ಸಾಮಾನಿಗೆ ಬಂದರು, ಬೆಲ್ಲ, ಬೇಳೆ ಎಲ್ಲ ಕೊಂಡರು. ಪತ್ರಿಕೆಯನ್ನು ಈಗ ಕದಿರಮ್ಮ ಬಾಗಿಲ ಬಳಿ ಕೂತು, ಅಚ್ಚಾಗಿದ್ದಷ್ಟನ್ನೇ ಓದುತ್ತಿದ್ದಳು.

ಒಂದು ಮಧ್ಯಾಹ್ನ ಅನಸೂಯಮ್ಮ ಕೊಡೆ ಹಿಡಿದು ಆ ಕಡೆಯಿಂದ ಬರುತ್ತಿದ್ದಳು. ಚನ್ನರಾಯಪ್ಪ ತಕ್ಕಡಿಯಲ್ಲಿ ಹುಣಸೇಹಣ್ಣು ತೂಗುತ್ತ, ಶ್ರೀನಿವಾಸಪುರದ ಕಡೆ ಈ ಸಲ ಮಾವಿನ ಹೂವೆಲ್ಲ ಉದುರಿಹೋಗಿದೆ ಎಂದು ಹೇಳುತ್ತಿದ್ದ. ಆವಲಪ್ಪ ಹುಣಸೇಹಣ್ಣನ್ನು ಟವೆಲಿಗೆ ಕಟ್ಟಿಕೊಳ್ಳುತ್ತ, ತಲೆಯೆತ್ತದೆ ಕೇಳಿದ:

"ಕಂಡಿದ್ದೋ, ಕೇಳಿದ್ದೋ?"

ತಕ್ಕಡಿಯ ತಟ್ಟೆ ಅಲ್ಲಾಡಿ ನಿಂತಿತು.

"ಕೇಳಿದ್ದು," ಎಂದ ಚನ್ನರಾಯಪ್ಪ. "ಬುಡನ್ ಸಾಬಿಂದ."

"ಹಂಗಾದ್ರೆ ಅವನನ್ನೇ ಕೇಳ್ತೀನಿ ಬಿಡು," ಎಂದು ಆವಲಪ್ಪ ಹೊರಟ.

ಹಿಂದೆ ಇನ್ನೊಬ್ಬ ಗಿರಾಕಿ ನಿಂತಿದ್ದ. ಅವನಿಗೂ ಚನ್ನರಾಯಪ್ಪ ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಅನಸೂಯಮ್ಮ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಆ ಪ್ರಶ್ನೆ ಮತ್ತೊಮ್ಮೆ ಕೇಳಿಸಲಿ ಎಂದು, ನಡಿಗೆಯನ್ನು ನಿಧಾನ ಮಾಡಿದಳು.